ಯಾರೂ ಮಲಗದ ದಿಂಬು

ಅಕ್ಕನ ಮನೆಯ ಅಟ್ಟದಲ್ಲಿ ದಿಂಬುಗಳಿಗೆ ಜಾಗ ಮುಗಿದುಹೋಗಿತ್ತು. ಕೊನೆಯದನ್ನು ಮೊಣಕೈಯಿಂದ ಒಳಕ್ಕೆ ಒತ್ತಿ, ಅಟ್ಟದ ಬಾಗಿಲನ್ನು ಹಣೆಯಿಂದ ದೂಡಿ ಚಿಲಕ ಹಾಕುವಷ್ಟರಲ್ಲಿ ಏಣಿಯ ಮೇಲಿದ್ದ ಅವಳಿಗೆ ಏದುಸಿರು ಬಂತು. ಕೆಳಗೆ ಏಣಿ ಹಿಡಿದು ನಿಂತಿದ್ದ ಚಿಕ್ಕಮ್ಮ, "ಮುಂದಿನ ವಾರದ್ದನ್ನ ಎಲ್ಲಿಡ್ತೀಯೇ? ತಲೆ ಮೇಲಾ?" ಎಂದು ಕೇಳಿದರು.

"ಮುಂದಿನ ವಾರದ್ದು ಮುಂದಿನ ವಾರ. ನೀವು ಮೊದ್ಲು ಏಣಿ ಅಲ್ಲಾಡಿಸೋದು ನಿಲ್ಸಿ."

ದಿಂಬುಗಳೆಲ್ಲ ಅಕ್ಕನ ತಮ್ಮ ಮಾಡಿದವು. ಅವನು ಕಾರಿನ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಹಗಲು ಅಲ್ಲಿ ಮೈಮುರಿದು ದುಡಿದು, ಸಂಜೆ ಮನೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದ. ಅವನ ದಿಂಬು ಸಾಮಾನ್ಯದ್ದಲ್ಲ. ಕತ್ತಿಗೆ ಆನಿಕೆಯಾಗಿ ಒಂದು ಉಬ್ಬು, ತಲೆಗೆ ಒಂದು ತಗ್ಗು, ಹೊರಗೆ ಬಿಗಿಯಾದ ದಪ್ಪ ಬಟ್ಟೆ, ಬದಿಗೆ ಕಣ್ಣಿಗೆ ಕಾಣದಂತೆ ಕೂರಿಸಿದ ಜಿಪ್. ಹೊಲಿಗೆಯಲ್ಲಿ ಒಂದು ಎಳೆ ಆಚೀಚೆ ಇರಲಿಲ್ಲ. ಹೊಲಿಗೆಯ ವಿಷಯದಲ್ಲಿ ಅವನನ್ನು ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ಆ ದಿಂಬಿನ ಮೇಲೆ ಮಲಗಲು ಮಾತ್ರ ಆಗುತ್ತಿರಲಿಲ್ಲ.

ಹಾಗಿದ್ದರೆ ಅದನ್ನು ಕೊಳ್ಳುತ್ತಿದ್ದವರು ಯಾರು? ಅಕ್ಕನ ಮಾತಿಗೆ ಕಟ್ಟುಬಿದ್ದ ನೆಂಟರು. ತಮ್ಮನ ದಿಂಬು ಪೇಟೆಯ ಹಾಸಿಗೆ ಅಂಗಡಿಯಲ್ಲಿ ಮಾರಾಟಕ್ಕೆ ಬಂದ ದಿನದಿಂದ ಅಕ್ಕ ಒಂದು ಏರ್ಪಾಟು ಮಾಡಿದ್ದಳು. ಈ ವಾರ ಚಿಕ್ಕಮ್ಮ, ಬರುವ ವಾರ ಸೋದರಮಾವನ ಸೊಸೆ, ಅದರ ನಂತರ ಓರಗಿತ್ತಿಯ ತಂಗಿ. ಒಬ್ಬೊಬ್ಬರಾಗಿ ಅಂಗಡಿಗೆ ಹೋಗಬೇಕು, ಏನೂ ಅರಿಯದವರಂತೆ ದಿಂಬುಗಳನ್ನೆಲ್ಲ ಒತ್ತಿ ನೋಡಬೇಕು, ಕೊನೆಗೆ ತಮ್ಮನ ದಿಂಬನ್ನೇ ಕೊಂಡು ಹೊರಬೀಳಬೇಕು. ಮಲಗಬೇಕೆಂಬ ಕಟ್ಟಳೆಯೇನೂ ಇರಲಿಲ್ಲ. ಚಿಕ್ಕಮ್ಮ ಮೊದಲನೆಯದನ್ನು ಟೀವಿಯ ಹಿಂದೆ ಗಾಳಿ ಬರುವ ಸಂದಿಗೆ ತುರುಕಿದರು. ಸೋದರಮಾವನ ಮನೆಯ ನಾಯಿಗೆ ಒಂದು ಹಾಕಿದರೆ ಅದು ಮೂಸಿ ನೋಡಿ ಪಕ್ಕದ ಬರಿನೆಲದ ಮೇಲೆ ಮಲಗಿತು. ಉಳಿದವೆಲ್ಲ ಒಂದೊಂದಾಗಿ ಅಕ್ಕನ ಅಟ್ಟ ಸೇರಿದವು.

ಅಕ್ಕ ಪೆದ್ದಿ ಎಂದುಕೊಳ್ಳಬೇಡಿ. ಅವಳಿಗೆ ಹೆದರಿಕೆಯಿತ್ತು. ತಮ್ಮನಿಗೆ ಇದು ಮೂರನೆಯ ಉದ್ಯಮ. ಮೊದಲು ಮೇಣದಬತ್ತಿ ಮಾಡಿದ, ಕೈ ಸುಟ್ಟುಕೊಂಡ. ಆಮೇಲೆ ಬೂಟ್ ಪಾಲಿಶ್ ತಯಾರಿಸಿ ಮಾರಿದ, ಅದೂ ನೆಲಕಚ್ಚಿತು. ಪಾಲಿಶ್ ಮುಳುಗಿದಾಗ ಅವನು ಕೋಣೆ ಬಿಟ್ಟು ಹೊರಗೆ ಬರಲಿಲ್ಲ, ಗಡ್ಡ ತೆಗೆಯಲಿಲ್ಲ, ಹೆಂಡತಿ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಹೋಗಬೇಕಾಯಿತು. ಒಂದು ಸಂಜೆ ಅಕ್ಕ ಹೋಗಿ ಬಾಗಿಲು ಬಡಿದಾಗ ಅವನು ಒಳಗಿನಿಂದಲೇ, "ನನ್ನ ಕೈಲಿ ಏನೂ ಆಗಲ್ಲ ಕಣೆ ಅಕ್ಕ, ಬಿಟ್ಬಿಡು ನನ್ನ" ಎಂದಿದ್ದ. ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ತಿರುಗಿದ ತಮ್ಮ ಅವನು. ಆ ಮಾತನ್ನು ಇನ್ನೊಂದು ಸಲ ಕೇಳುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಈ ಸಲ ಬಿಡದೆ ಟೊಂಕ ಕಟ್ಟಿ ನಿಂತಳು.

ಈ ಕಥೆಯಲ್ಲಿ ಇನ್ನೊಬ್ಬ ವ್ಯಾಪಾರಸ್ಥನಿದ್ದಾನೆ, ಅವನು ಅಕ್ಕನ ಗಂಡ. ತಮ್ಮ ಕರೆಯುವಂತೆ ನಾವೂ ಅವನನ್ನು ಭಾವ ಎನ್ನೋಣ. ಭಾವನದು ಬೀಗ, ಕೀಲು, ಚಿಲಕ, ಹಿಡಿಕೆಗಳ ಅಂಗಡಿ. ಅಂಗಡಿ ಎಂದರೆ ಎದುರುಬದುರಾಗಿ ಇಬ್ಬರು ನಿಂತರೆ ಮೂರನೆಯವನು ರಸ್ತೆಯಲ್ಲಿ ಕಾಯಬೇಕು, ಅಷ್ಟೇ ಜಾಗ. ಆದರೂ ಆ ಬೀದಿಯಲ್ಲಿ ಅವನ ಕಣ್ಣೆದುರೇ ಎಷ್ಟೋ ದೊಡ್ಡ ಅಂಗಡಿಗಳು ದೀಪ ಹಾಕಿಕೊಂಡು ಬಂದವು, ಬಾಗಿಲು ಹಾಕಿಕೊಂಡು ಹೋದವು. ಭಾವನದು ಅಲ್ಲಾಡಲಿಲ್ಲ.

ಅವನಿಗೊಂದು ಚಾಳಿಯಿತ್ತು. ಅಕ್ಕನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಯಾರಾದರೂ ಬಂದು, ನೋಡಿ, ಏನೂ ಕೊಳ್ಳದೆ ಹೊರಟರೆ ಭಾವ ಗಲ್ಲಾ ಬಿಟ್ಟು ಅವರ ಹಿಂದೆ ರಸ್ತೆಗಿಳಿಯುತ್ತಿದ್ದ. "ಸ್ವಾಮಿ, ಒಂದು ನಿಮಿಷ. ನೀವೇನೂ ಕೊಳ್ಳೋದು ಬೇಡ. ಯಾಕೆ ಬೇಡ ಅನ್ನಿಸ್ತು, ಅದೊಂದು ಹೇಳ್ಬಿಟ್ಟು ಹೋಗಿ" ಎಂದು ಬೇಡುತ್ತಿದ್ದ. ಕೆಲವರು ಹೆದರಿ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಕೆಲವರು ಬೈಯುತ್ತಿದ್ದರು. ಯಾರೋ ಒಬ್ಬಳು ಅಜ್ಜಿ ಮಾತ್ರ ನಿಂತು, ತನ್ನ ಬೆರಳಿಗೆ ಸಂಧಿವಾತ, ಗುಂಡು ಹಿಡಿಕೆ ತಿರುಗಿಸಲು ಆಗುವುದಿಲ್ಲ, ಉದ್ದದ್ದು ಇದ್ದರೆ ಮೊಣಕೈಯಲ್ಲಾದರೂ ಒತ್ತಬಹುದು ಎಂದಳು. ಭಾವ ಮಾರನೆಯ ವಾರವೇ ಉದ್ದ ಹಿಡಿಕೆ ತರಿಸಿದ. ಈಗ ಸುತ್ತಮುತ್ತಲ ವಯಸ್ಸಾದವರೆಲ್ಲ ಅವನಲ್ಲಿಗೇ ಬರುತ್ತಾರೆ. ಅಕ್ಕ ಒಮ್ಮೆ ಅಂಗಡಿಗೆ ಊಟ ಕೊಡಲು ಹೋದಾಗ ಗಂಡ ಹೀಗೆ ಯಾರದೋ ಹಿಂದೆ ಓಡುತ್ತಿರುವುದನ್ನು ಕಂಡು, ನಾಚಿಕೆಯಿಂದ ಪಕ್ಕದ ಅಂಗಡಿಯೊಳಗೆ ಹೊಕ್ಕು ನಿಂತಿದ್ದಳು.

ತಮ್ಮ ಮೊದಲ ದಿಂಬು ತಂದುಕೊಟ್ಟಾಗ ಮನೆಮಂದಿಯೆಲ್ಲ ಹೊಗಳಿದರು. ಅಕ್ಕನಂತೂ, "ಎಂಥಾ ನಿದ್ದೆ ಗೊತ್ತಾ, ಬೆಳಗಾಗಿದ್ದೇ ತಿಳೀಲಿಲ್ಲ" ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಭಾವ ಮಾತ್ರ ಎರಡು ರಾತ್ರಿ ಅದರ ಮೇಲೆ ಮಲಗಿ, ಮೂರನೆಯ ಬೆಳಿಗ್ಗೆ ಕತ್ತು ಒಂದು ಕಡೆಗೆ ವಾಲಿಸಿಕೊಂಡು ಅದನ್ನು ತಮ್ಮನ ಕೈಗೆ ವಾಪಸ್ಸು ಕೊಟ್ಟ.

"ನನಗೆ ಬೇಡಪ್ಪ. ಕತ್ತು ತಿರುಗ್ತಾ ಇಲ್ಲ ನೋಡು."

ತಮ್ಮನ ಮುಖ ಸಪ್ಪಗಾಯಿತು. ಅಂದಿನಿಂದ ಭಾವನ ಜೊತೆ ಅವನ ಮಾತು ಹೂಂ, ಉಹೂಂ ಎನ್ನುವುದರಲ್ಲೇ ಮುಗಿಯುತ್ತಿತ್ತು. ಆ ರಾತ್ರಿ ಅಕ್ಕ ಗಂಡನ ಗ್ರಹಚಾರ ಬಿಡಿಸಿದಳು. "ನಾಲ್ಕು ಒಳ್ಳೆ ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಕೇಳಿದ್ದಕ್ಕೆ ಅವನು ಕತ್ತಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, "ಅವನು ದಿಂಬು ಕೊಟ್ಟಿದ್ದು ಮಲಗೋಕೆ ಅಂದ್ಕೊಂಡೆ. ಹೊಗಳೋಕೆ ಅಂತ ಗೊತ್ತಿರ್ಲಿಲ್ಲ" ಎಂದ. ಅಟ್ಟದಲ್ಲಿ ದಿಂಬು ಬೆಳೆಯುತ್ತಿದ್ದುದೂ ಅವನ ಕಣ್ಣಿಗೆ ಬಿದ್ದಿತ್ತು. ಆದರೆ ಹೆಂಡತಿಯ ತವರಿನ ವಿಷಯಕ್ಕೆ ಮೂಗು ತೂರಿಸಬಾರದು ಎನ್ನುವಷ್ಟು ಬುದ್ಧಿ ಮದುವೆಯಾದ ಹೊಸತರಲ್ಲೇ ಬಂದಿತ್ತು.

ಹೀಗಿರುವಾಗ ಒಮ್ಮೆ ಫೋನಿನಲ್ಲಿ ತಮ್ಮನ ದನಿ ಯಾಕೋ ಕುಗ್ಗಿದಂತೆ ಕೇಳಿತು.  ಅಕ್ಕ ತಡಮಾಡದೆ ನೆಂಟರಿಗೆಲ್ಲ ಹೇಳಿ ಕಳಿಸಿದಳು. ಒಬ್ಬೊಬ್ಬರು ಹೋಗುವ ಕಡೆ ಇಬ್ಬಿಬ್ಬರು ಹೋಗಲಿ, ಒಂದು ಕೊಳ್ಳುವವರು ಜೋಡಿ ಕೊಳ್ಳಲಿ. ತಮ್ಮನಿಗೆ ಅಂದು ಬರೀ ನೆಗಡಿಯಾಗಿತ್ತು, ಅದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಹಾಸಿಗೆ ಅಂಗಡಿಯ ದಿಂಬುಗಳೆಲ್ಲ ಖಾಲಿಯಾಗಿದ್ದವು. ಅಟ್ಟ ತುಂಬಿದ್ದು ಹಾಗೆ.

ಮರುದಿನವೇ ತಮ್ಮ ಓಡೋಡಿ ಬಂದ. ಚಪ್ಪಲಿ ಒಂದು ಹೊಸ್ತಿಲಾಚೆ, ಒಂದು ಈಚೆ. ಅಷ್ಟು ಖುಷಿ ಅವನ ಮುಖದಲ್ಲಿ ಅಕ್ಕ ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

"ಅಕ್ಕ, ಹಾಸಿಗೆ ಅಂಗಡಿಯವನು ಎರಡರಷ್ಟು ಕೇಳ್ತಾ ಇದ್ದಾನೆ! ಇಟ್ಟಿದ್ದೆಲ್ಲ ಹೋಗ್ತಾ ಇದೆಯಂತೆ. ನಾನು ನಿರ್ಧಾರ ಮಾಡ್ಬಿಟ್ಟೆ. ಸೋಮವಾರ ಕೆಲಸಕ್ಕೆ ರಾಜೀನಾಮೆ ಕೊಡ್ತೀನಿ. ಕಾರ್ಖಾನೆ ಹಿಂದುಗಡೆ ಒಂದು ಶೆಡ್ ಖಾಲಿ ಇದೆ, ಅದನ್ನ ಹಿಡೀತೀನಿ. ಹೊಲಿಯೋಕೆ ನಾಲ್ಕು ಜನರನ್ನ ಮಾತಾಡಿಸಿದ್ದೀನಿ, ಅವ್ರೂ ಇರೋ ಕೆಲಸ ಬಿಟ್ಟು ಬರ್ತಾರೆ."

 "ಸ್ವಲ್ಪ ದಿನ ನೋಡಿದ್ರೆ..." ಎಂದು ಅಕ್ಕ ತಡವರಿಸಿದಳು.

"ಇನ್ನೇನು ನೋಡೋದು? ಜನ ಮುಗಿಬಿದ್ದು ಕೊಳ್ತಿದ್ದಾರೆ. ನೀನೇ ಹೇಳಿಲ್ವಾ, ಎಂಥಾ ನಿದ್ದೆ ಅಂತ!" ಎಂದು ಅವನು ಅವಳ ಎರಡೂ ಕೈ ಹಿಡಿದು ಅಲ್ಲಾಡಿಸಿದ. ಅವನ ತಲೆಯ ನೇರಕ್ಕೆ ಮೇಲೆ ಅಟ್ಟದ ಬಾಗಿಲಿತ್ತು. ಚಿಲಕ ಗಟ್ಟಿಯಾಗಿರುವುದು ಗಂಡನ ಅಂಗಡಿಯದಾದ್ದರಿಂದ ಎಂದು ಅಕ್ಕ ಮನಸ್ಸಿನಲ್ಲೇ ಗಂಡನಿಗೆ ಕೈಮುಗಿದಳು.

ತಮ್ಮ ಹೋದ ಮೇಲೆ ಗಂಡನ ಅಂಗಡಿಗೆ ಹೋದಳು. ಭಾವ ಕೀಲುಗಳಿಗೆ ಎಣ್ಣೆ ಬಿಟ್ಟು ಒರೆಸುತ್ತಿದ್ದ. ಅವಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, "ನೀವೇ ಹೇಳ್ಬಿಡಿ ಅವನಿಗೆ. ಹೇಗೂ ನಿಮ್ಮ ಮೇಲೆ ಮುಖ ಊದಿಸ್ಕೊಂಡೇ ಇದ್ದಾನೆ, ಇನ್ನಷ್ಟು ಊದಿಸ್ಕೊಳ್ಲಿ" ಎಂದಳು.

"ನಾನು ಹೇಳಿದ್ದಾಯ್ತಲ್ಲ, ಕತ್ತು ಬೇರೆ ತೋರಿಸಿ. ಒಬ್ಬ ಬೇಡ ಅಂದ, ಇಡೀ ವಂಶ ಬೇಕು ಅಂತು. ಅವನು ಯಾರನ್ನ ನಂಬ್ತಾನೆ ಹೇಳು?"

"ಅವನು ಮತ್ತೆ ಕೋಣೆ ಸೇರ್ಕೊಂಡ್ರೆ?"

ಭಾವ ಎಣ್ಣೆಬಟ್ಟೆ ಕೆಳಗಿಟ್ಟ. "ಶೆಡ್ ಹಿಡಿದ ಮೇಲೆ ಗೊತ್ತಾದ್ರೆ ಅವನ ಜೊತೆ ನಾಲ್ಕು ಜನ ಕೋಣೆ ಸೇರ್ತಾರೆ. ನೋಡೇ, ಕೊಂಡೋರು ಏನೂ ಹೇಳಲ್ಲ, ಕೊಂಡು ಹೋಗ್ತಾರೆ. ಬಿಟ್ಟು ಹೋಗೋನ ಹತ್ರ ವಿಷಯ ಇರುತ್ತೆ. ನಿನ್ನ ತಮ್ಮನ ದಿಂಬನ್ನ ಬಿಟ್ಟು ಹೋಗೋಕೆ ನೀನು ಯಾರನ್ನೂ ಬಿಟ್ಟಿಲ್ಲ. ಪಾಪ, ಅವನು ಯಾರ ಹಿಂದೆ ಓಡ್ಬೇಕು?"

ಅಕ್ಕನಿಗೆ ಸಿಟ್ಟು ಬಂತು. ಸಿಟ್ಟು ಬರಲು ಕಾರಣ ಅವನು ಹೇಳಿದ್ದು ಸರಿಯಾಗಿದ್ದುದೇ. ಅವಳು ಮನೆಗೆ ಬಂದು, ಭಾನುವಾರ ಬಾ ಎಂದು ತಮ್ಮನಿಗೆ ಫೋನು ಮಾಡಿದಳು.

ಭಾನುವಾರ ತಮ್ಮ ಬರುವ ಹೊತ್ತಿಗೆ ಅವಳು ಹೇಳಬೇಕಾದ ಮಾತನ್ನು ಹತ್ತಾರು ಬಗೆಯಲ್ಲಿ ಜೋಡಿಸಿಕೊಂಡಿದ್ದಳು. ಅವನ ಮುಖ ಕಂಡಕೂಡಲೇ ಒಂದೂ ನೆನಪಾಗಲಿಲ್ಲ. ಏಣಿ ತಂದು ಅಟ್ಟಕ್ಕೆ ಒರಗಿಸಿದಳು. "ಹತ್ತು. ಚಿಲಕ ತೆಗಿ" ಎಂದಳು.

"ಏನಿದೆ ಅಲ್ಲಿ?"

"ತೆಗಿ ಅಂದೆ."

ಅವನು ಹತ್ತಿ ಚಿಲಕ ಸರಿಸಿದ. ಒತ್ತರಿಸಿ ತುಂಬಿದ್ದ ದಿಂಬುಗಳು ಬಾಗಿಲನ್ನು ತಾವೇ ತಳ್ಳಿಕೊಂಡು ಹೊರಬಂದವು. ಒಂದು ಅವನ ಎದೆಗೆ ಬಡಿಯಿತು, ಇನ್ನೊಂದು ಭುಜದ ಮೇಲಿಂದ ಜಾರಿತು, ಉಳಿದವು ದಬದಬನೆ ನೆಲಕ್ಕೆ ಬಿದ್ದವು. ಎಲ್ಲವೂ ಪ್ಲಾಸ್ಟಿಕ್ ಚೀಲದೊಳಗೇ ಇದ್ದವು. ಬೇರೆ ಸಮಯವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ತಮ್ಮ ಏಣಿಯ ಮೇಲೆಯೇ ನಿಂತು ಒಳಗೆ ಇಣುಕಿದ. ಕೈಹಾಕಿ ಒಂದನ್ನು ಎಳೆದ, ಅದರ ಹಿಂದೆ ಇನ್ನೊಂದಿತ್ತು. ಅದನ್ನೂ ಎಳೆದ.

"ನೀನೇ ಕೊಂಡ್ಯಾ?"

"ನಾನು, ಚಿಕ್ಕಮ್ಮ, ಮಾವನ ಮನೆಯೋರು. ನಮ್ಮ ಹೆಂಗಸರೆಲ್ಲ. ನಾನೇ ಕಳಿಸ್ತಿದ್ದೆ."

ಅವನು ಇಳಿದು ಬಂದು ದಿಂಬುಗಳ ನಡುವೆ ನೆಲದ ಮೇಲೆ ಕೂತ. ಅಕ್ಕ ಸೆರಗಿನ ತುದಿ ಹಿಡಿದು ನಿಂತಳು. ಈಗ ಅಳುತ್ತಾನೆ, ಈಗ ಎದ್ದು ಹೋಗುತ್ತಾನೆ, ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ ಎಂದು ಕಾದಳು. ಅವನು ತಲೆಯೆತ್ತದೆ ಕೇಳಿದ.

"ಮೇಣದಬತ್ತಿನೂ ನೀನೇನಾ?"

"ಹೂಂ" ಎಂದಳು ಅಕ್ಕ. 

"ಮೊದಲು ಚೆನ್ನಾಗಿ ಹೋಗ್ತಿತ್ತು, ಆಮೇಲೆ ಇದ್ದಕ್ಕಿದ್ದ ಹಾಗೆ ನಿಂತೋಯ್ತು. ಯಾಕೆ ನಿಂತೋಯ್ತು ಅಂತ ಇವತ್ತಿಗೂ ಯೋಚನೆ ಮಾಡ್ತೀನಿ ಅಕ್ಕ. ಊಟಕ್ಕೆ ಕೂತಾಗ ಯೋಚನೆ ಮಾಡ್ತೀನಿ. ಏನಾಗಿತ್ತು ಅದಕ್ಕೆ?"

"ಹೊಗೆ ಬರ್ತಿತ್ತು ಕಣೋ. ಗೋಡೆಯೆಲ್ಲ ಮಸಿ ಹಿಡೀತಿತ್ತು."

"ಬತ್ತಿ ದಾರ ದಪ್ಪ ಆಗಿತ್ತು ಅಂತ ಕಾಣುತ್ತೆ. ಸಣ್ಣದು ಹಾಕಿದ್ರೆ ಮುಗೀತಿತ್ತು." ಅವನ ದನಿ ಒಮ್ಮೆಗೇ ಏರಿತು. "ಅಷ್ಟೇ! ದಾರ ಬದಲಾಯಿಸಿದ್ರೆ ಆಗ್ತಿತ್ತು! ನಾನು ನನ್ನನ್ನೇ ಬೈಕೊಂಡು ಕೂತೆ, ನನ್ನ ಹಣೆಬರಹಾನೇ ಸರಿ ಇಲ್ಲ ಅಂತ. ಕೊಂಡಿದ್ದು ಬಿಡು, ಅದು ಪ್ರೀತಿಗೆ ಕೊಂಡೆ. ಚೆನ್ನಾಗಿದೆ ಅಂತ ಯಾಕೆ ಹೇಳ್ದೆ?"

"ನಿನಗೆ ನೋವಾಗುತ್ತೆ ಅಂತ."

"ಈಗ ಏನಾಗ್ತಿದೆ ಅಂದ್ಕೊಂಡಿದ್ದೀಯ?"

ಅಕ್ಕ ಅತ್ತಳು. ಅವನನ್ನು ಸಮಾಧಾನ ಮಾಡಲು ಎಂದು ಕಾದು ನಿಂತವಳು ತಾನೇ ಗೋಡೆಗೊರಗಿ ಗಳಗಳನೆ ಅತ್ತಳು. ಅವನು ಸಮಾಧಾನ ಮಾಡಲು ಬರಲಿಲ್ಲ. ಜೇಬಿನಿಂದ ಫೋನು ತೆಗೆದು ಹಾಸಿಗೆ ಅಂಗಡಿಯವನಿಗೆ ಕರೆ ಮಾಡಿದ. ಅಕ್ಕನಿಗೂ ಕೇಳಲಿ ಎಂದು ಫೋನನ್ನು ನೆಲದ ಮೇಲಿಟ್ಟು ದನಿ ಜೋರು ಮಾಡಿದ.

"ಅಣ್ಣಾ, ನನ್ನ ದಿಂಬು ಒಯ್ದೋರಲ್ಲಿ ಒಂದ್ಸಲ ಒಯ್ದು ಬಳಸಿ ನೋಡಿ, ಮತ್ತೆ ಬೇಕು ಅಂತ ಬಂದೋರು ಯಾರಾದ್ರೂ ಇದ್ದಾರಾ? ಹೆಂಗಸರನ್ನ ಬಿಡಿ. ಹೆಂಗಸರೆಲ್ಲ ನಮ್ಮ ಮನೆಯೋರೇ."

ಅಂಗಡಿಯವನು ನಕ್ಕು, "ಹಾಗಾದ್ರೆ ಒಬ್ಬನೇ" ಎಂದ. "ಮನೆ ಸಾಮಾನು ಸಾಗಿಸೋ ಆಸಾಮಿ. ಬೀರು ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸ್ತಾನಲ್ಲ, ಆ ಥರದವನು. ಬಾಗಿಲಲ್ಲಿ ಅಡ್ಡಡ್ಡ ಬರ್ಬೇಕು ಪುಣ್ಯಾತ್ಮ, ಅಷ್ಟು ಅಗಲ ಭುಜ. ಬೇರೆ ಯಾವ ದಿಂಬೂ ನನಗೆ ಸಾಲಲ್ಲ, ಇದೊಂದೇ ಸರಿ ಅಂತ ಇನ್ನೊಂದು ಒಯ್ದ. ಯಾಕೆ?"

"ಏನಿಲ್ಲ. ಆಮೇಲೆ ಬಂದು ಮಾತಾಡ್ತೀನಿ."

ಫೋನು ಇಟ್ಟ ತಮ್ಮ ಎದುರಿಗಿದ್ದ ಕನ್ನಡಿಯ ಬೀರು ನೋಡಿದ. ಅದರಲ್ಲಿ ಅವನೇ ಕಾಣುತ್ತಿದ್ದ. ಅಪ್ಪನ ಕಡೆಯಿಂದ ಬಂದ ಅಗಲ ಭುಜ, ರೆಡಿಮೇಡ್ ಅಂಗಿ ಯಾವುದೂ ಆಗದ ಭುಜ. ದಿಂಬಿನ ಎತ್ತರವನ್ನು ಅವನು ಎಲ್ಲಿಂದಲೂ ತಂದಿರಲಿಲ್ಲ. ತಾನು ಮಗ್ಗುಲಾಗಿ ಮಲಗಿ, ಕಿವಿಗೂ ಹಾಸಿಗೆಗೂ ನಡುವಿನ ಜಾಗ ಎಷ್ಟಿದೆಯೋ ಅಷ್ಟು ಎತ್ತರ ಹೊಲಿದಿದ್ದ. ಅವನ ಮಟ್ಟಿಗೆ ಅದು ಭೂಮಿಯ ಮೇಲಿನ ಅತ್ಯುತ್ತಮ ದಿಂಬು.

"ಥತ್" ಎಂದ. "ನನಗೊಬ್ಬನಿಗೇ ಮಾಡ್ಕೊಂಡು ಕೂತಿದ್ದೀನಿ." ಆಮೇಲೆ ಅಕ್ಕನ ಕಡೆ ತಿರುಗಿ, "ಅತ್ತಿದ್ದು ಸಾಕು. ಬಾ, ಮಲಗು" ಎಂದ.

"ಈಗಲಾ? ಹಾಡುಹಗಲಲ್ಲಿ?"

"ಮಲಗು ಅಂದೆ."

ಅವಳು ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅವನು ಒಂದು ದಿಂಬಿನ ಚೀಲ ಹರಿದು ಅವಳ ತಲೆಯಡಿ ಇಟ್ಟು, "ಹೇಗಿದೆ?" ಎಂದು ಕೇಳಿದ.

"ಪರವಾಗಿಲ್ಲ ಕಣೋ" ಎಂದಳು, ಅಭ್ಯಾಸಬಲದಿಂದ.

"ಅಕ್ಕ!"

ಅವಳು ಕಣ್ಣು ಮುಚ್ಚಿದಳು. ತಮ್ಮನ ಮುಖ ನೋಡದಿದ್ದರೆ ನಿಜ ಹೇಳುವುದು ಸುಲಭವಾದೀತು ಎನಿಸಿತು. "ಎತ್ತರ. ಕತ್ತು ಮುರಿದ ಹಾಗಾಗುತ್ತೆ" ಎಂದಳು. ಅಷ್ಟು ಹೇಳಿದ ಮೇಲೆ ಕಟ್ಟೆಯೊಡೆದು ಎಲ್ಲ ಬಂತು. "ಬಟ್ಟೆ ಕಾವು, ಕೆನ್ನೆ ಬೆವರುತ್ತೆ. ಸೀಟಿಗೆ ಹಾಕೋ ಬಟ್ಟೆ ಅಲ್ವೇನೋ ಇದು? ಆ ಉಬ್ಬು ಕಿವಿಗೆ ಒತ್ತುತ್ತೆ. ಮಗ್ಗುಲಾದ್ರೆ ಒಳಗೆ ಏನೋ ಕರಕರ ಅನ್ನುತ್ತೆ. ನಾಯಿನೂ ಮಲಗ್ಲಿಲ್ಲ."

"ಯಾವ ನಾಯಿ?"

"ಮಾವನ ಮನೇದು."

ತಮ್ಮ ನಗಲಿಲ್ಲ. ಜಿಪ್ ಎಳೆದು ಕೈಹಾಕಿ ಒಂದು ಹಿಡಿ ಹತ್ತಿ ಮತ್ತು ಫೋಮಿನ ಚೂರು ತೆಗೆದು ನೆಲಕ್ಕೆ ಹಾಕಿದ. "ಈಗ?" "ಇನ್ನೂ ಎತ್ತರ." ಇನ್ನೊಂದು ಹಿಡಿ. "ಈಗ?" "ತಲೆ ಸರಿಹೋಯ್ತು, ಕತ್ತಿಗೆ ಒತ್ತುತ್ತೆ." ಉಬ್ಬಿನಿಂದ ಸ್ವಲ್ಪ ತೆಗೆದ. ಮೇಲಿನ ದಪ್ಪ ಬಟ್ಟೆಯನ್ನೇ ಕಿತ್ತು, ಹಗ್ಗದ ಮೇಲೆ ಒಣಗಿದ್ದ ಹಳೆಯ ಹತ್ತಿ ಸೀರೆಯೊಂದನ್ನು ಕತ್ತರಿಸಿ ಸುತ್ತಿದ. ಅಕ್ಕ ಅದಕ್ಕೂ ಬೈಯಲಿಲ್ಲ. ಅವಳು ಬೇಡ ಎಂದಷ್ಟೂ ಅವನ ಕೈ ಚುರುಕಾಗುತ್ತಿತ್ತು. ಕಾರ್ಖಾನೆಯಲ್ಲಿ ಸೀಟಿನ ಹೊಲಿಗೆ ಬಿಚ್ಚಿ ಸರಿಮಾಡುವಾಗ ಅವನು ಹೀಗೇ ಇರುತ್ತಿದ್ದ, ಆದರೆ ಅಲ್ಲಿಗೆ ಅಕ್ಕ ಹೋದವಳಲ್ಲ. ತನ್ನ ತಮ್ಮನಿಗೆ ಬೇಡ ಎಂಬ ಮಾತನ್ನು ಕೆಲಸವಾಗಿ ಮಾಡಿಕೊಳ್ಳಲು ಬರುತ್ತದೆ ಎಂಬುದನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಇಷ್ಟು ವರ್ಷ ಅವನನ್ನು ಗಾಜಿನ ಲೋಟದಂತೆ ಎತ್ತಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು.

"ನಾಳೆ ಡ್ಯೂಟಿಗೆ ಹೋಗ್ತೀನಿ" ಎಂದ ಅವನು, ಚೂರುಗಳನ್ನು ತೆಗೆಯುತ್ತಲೇ. "ಆ ನಾಲ್ಕು ಜನಕ್ಕೂ ಹೇಳ್ತೀನಿ, ಇರೋ ಕೆಲಸ ಬಿಡ್ಬೇಡಿ ಅಂತ. ಶೆಡ್ಡಿನವನು ಬೈತಾನೆ, ಬೈಸ್ಕೊಳ್ತೀನಿ."

"ಮತ್ತೆ ದಿಂಬು?"

"ದಿಂಬಿಗೇನಾಯ್ತು? ಇದನ್ನ ಬಿಡಲ್ಲ. ಈಗ ಹೇಗಿದೆ?"

"ಇನ್ನೊಂದು ಚೂರು ಕಡಿಮೆ ಮಾಡು."

ಅವನು ತೆಗೆದ. ಮತ್ತೆ ಕೇಳಿದ. ಅಕ್ಕ ಏನೋ ಹೇಳಿದಳು. ಮತ್ತೊಮ್ಮೆ ಕೇಳಿದ್ದು ಅವಳಿಗೆ ಎಲ್ಲೋ ದೂರದಿಂದ ಕೇಳಿಸಿದಂತಾಯಿತು.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಮಂಚದಿಂದ ಇಳಿದು ಬಾಗಿಲ ಕಡೆ ಹೋಗಿತ್ತು. ನೆಲದ ತುಂಬ ಹತ್ತಿ. ಭಾವ ಯಾವಾಗಲೋ ಮನೆಗೆ ಬಂದವನು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಒಂದೊಂದೇ ದಿಂಬಿನ ಚೀಲವನ್ನು ಸದ್ದಾಗದಂತೆ ಬಿಚ್ಚುತ್ತಿದ್ದ. ತಮ್ಮ ಅವನ ಭುಜಕ್ಕೆ ಅಳತೆಪಟ್ಟಿ ಹಿಡಿದು, ಪಿಸುದನಿಯಲ್ಲಿ, "ಭಾವ, ಅವತ್ತು ಕತ್ತು ಯಾವ ಕಡೆ ಹಿಡ್ಕೊಂಡಿತ್ತು?" ಎಂದು ಕೇಳುತ್ತಿದ್ದ. ಭಾವ ಬಲಗಡೆ ತೋರಿಸಿದ.

ಅಕ್ಕ ಎದ್ದು ಕೂತಳು. ಕತ್ತು ಹಗುರವಾಗಿತ್ತು. ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಸಂತೋಷ ತಡೆಯಲಾಗಲಿಲ್ಲ. ಈ ಸಲ ಹೇಳುತ್ತಿರುವುದು ಅಪ್ಪಟ ನಿಜ ಎಂಬ ಹೆಮ್ಮೆಯೂ ಸೇರಿಕೊಂಡಿತು.

"ಲೋ, ತುಂಬಾ ಚೆನ್ನಾಗಿದೆ ಕಣೋ ಇದು!"

ತಮ್ಮ ಅವಳ ತಲೆ ಒತ್ತಿದ್ದ ದಿಂಬನ್ನು ಮೆಲ್ಲಗೆ ಎಳೆದುಕೊಂಡ. ತಗ್ಗು ಎಷ್ಟು ಆಳ ಬಿದ್ದಿದೆ ಎಂದು ಪಟ್ಟಿ ಇಟ್ಟು ಅಳೆದ. ಅಳತೆ ನೋಡುತ್ತಲೇ, ತಲೆಯೆತ್ತದೆ ಹೇಳಿದ.

"ನಿನ್ನನ್ನ ಯಾರು ಕೇಳಿದ್ರು? ನಾನು ದಿಂಬನ್ನ ಕೇಳ್ತಿದ್ದೀನಿ."